ಬಾತುಗಳ ಮೇಲೆ ಕಣ್ಣಿಟ್ಟ ಅತ್ತೆ

ಊರಿನ ಅತ್ತೆಯರೆಲ್ಲ ಸೊಸೆಯಂದಿರ ಮೇಲೆ ಕಣ್ಣಿಟ್ಟಿದ್ದರೆ, ನನ್ನ ಸೋದರತ್ತೆ ಕಣ್ಣಿಟ್ಟಿದ್ದು ಸೂಳೆಕೆರೆಗೆ ಇಳಿಯುವ ಕಾಡುಬಾತುಗಳ ಮೇಲೆ! ಇದನ್ನು ನಾಚಿಕೆಯಿಂದಲ್ಲ, ಎದೆಯುಬ್ಬಿಸಿಯೇ ಹೇಳುತ್ತಿದ್ದೇನೆ.

ಎಲ್ಲ ಶುರುವಾದದ್ದು ಪಶುವೈದ್ಯರು ಊರಿನಲ್ಲಿ ಹಕ್ಕಿಜ್ವರದ ಬಗ್ಗೆ ಸಭೆ ನಡೆಸಿದ ದಿನ. ಮಿಕ್ಕವರು ಮಂಡಕ್ಕಿ, ಮೆಣಸಿನಕಾಯಿ ತಿಂದು ಎದ್ದು ಬಂದರು. ಅತ್ತೆ ಭಾಷಣವನ್ನೂ ಪೂರ್ತಿ ನುಂಗಿ ಬಂದರು. ಮರುದಿನವೇ ಕೋಳಿಗಳಿಗೆಲ್ಲ ಗೃಹಬಂಧನ! ಮಾವನ ಸೊಳ್ಳೆಪರದೆ ಕೋಳಿಗೂಡಿಗೆ ಹೋಯಿತು.

"ಸೊಳ್ಳೆ ನನ್ನ ಕಡೀತಾವಲ್ಲೇ!" ಎಂದು ಮಾವ ಗೋಳಾಡಿದರು.

"ಕಡಿದ್ರೆ ಕೆರಕೊಳ್ಳಾಕೆ ನಿಮಗೆ ಕೈ ಅದಾವೆ. ಕೋಳಿಗೆ ಅದಾವೇನ್ರೀ?"

ಅಂಗಳಕ್ಕೆ ಕಾಲಿಡುವವರು ಮೊದಲು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಚಪ್ಪಲಿ ಅದ್ದಬೇಕು. ಅತ್ತೆಯ ಮಗಳನ್ನು ನೋಡಲು ಹೊನ್ನಾಳಿಯಿಂದ ಬಂದ ಗಂಡಿನ ಕಡೆಯವರನ್ನೂ ಬಿಡಲಿಲ್ಲ! ವರನ ಹೊಸ ಬೂಟು ಬಿಳಿಚಿಕೊಂಡಿತು. ಸಂಬಂಧ ಏನಾಯಿತು ಅಂತೀರಾ? ಕುದುರಿತು! "ಇಷ್ಟು ಚೊಕ್ಕಟ ಮನೆ ನಾವೆಲ್ಲೂ ನೋಡಿಲ್ಲ" ಅಂದರಂತೆ ವರನ ತಾಯಿ.

ಪಕ್ಕದ ಮನೆಯಾಕೆ ಒಮ್ಮೆ ಕೇಳಿದಳು: "ಅಕ್ಕಾ, ಆ ಬಾತು ಗುಂಡುಕಲ್ಲಿನಂಗೆ ಅದಾವೆ. ಜ್ವರ ಎಲ್ಲೈತೆ?"

"ಅದೇ ಕಣವ್ವ ಮೋಸ! ಎಷ್ಟೋ ಬಾತಿಗೆ ಒಳಗೆ ರೋಗ ಇದ್ರೂ ಮೇಲೆ ಏನೂ ಕಾಣಂಗಿಲ್ಲ. ನೀರಾಗೆ ಹಿಕ್ಕೆ ಹಾಕಿ ಹಾರಿಹೋಗ್ತಾವೆ. ಆ ನೀರು ಕುಡಿದು ಸಾಯೋವು ನಮ್ಮ ಕೋಳಿ."

ಊರು ನಕ್ಕಿತು. ನಾನೂ ನಕ್ಕೆ, ಸುಳ್ಳೇಕೆ?

ಕಳೆದ ಚಳಿಗಾಲ ಕೆರೆಯ ದಂಡೆಯಲ್ಲಿ ನಾಲ್ಕೈದು ಬಾತು ಸತ್ತು ಬಿದ್ದವು. ಸಾರಿಗಾಯಿತು ಎಂದು ಎತ್ತಿಕೊಳ್ಳಲು ಹೋದವರ ಎದುರು ಅತ್ತೆ ಕೋಲು ಹಿಡಿದು ನಿಂತರು. "ಮುಟ್ಟಿದ್ರೆ ಕೈ ಮುರೀತೀನಿ!" ಚನ್ನಗಿರಿಯಿಂದ ವೈದ್ಯರ ಜೀಪು ಬರುವವರೆಗೂ ಕದಲಲಿಲ್ಲ. ಪರೀಕ್ಷೆಯಲ್ಲಿ ಹಕ್ಕಿಜ್ವರವೇ ಎಂದು ಖಾತ್ರಿಯಾಯಿತು. ಅಷ್ಟರಲ್ಲಿ ದಂಡೆಗೆ ಮೇಯಲು ಹೋಗುತ್ತಿದ್ದ ಪಕ್ಕದ ಮನೆಯ ಕೋಳಿಗಳೂ ಸತ್ತಿದ್ದವು.

ರೋಗ ಹರಡದಂತೆ ಊರಿನ ಕೋಳಿಗಳನ್ನೆಲ್ಲ ಕೊಲ್ಲಬೇಕೆಂದು ಆದೇಶ ಬಂತು. ಅತ್ತೆಯ ಕೋಳಿಗಳು ಗಟ್ಟಿಮುಟ್ಟಾಗಿಯೇ ಇದ್ದವು. ಆದರೇನು, ಆದೇಶ ಎಲ್ಲರಿಗೂ ಒಂದೇ. ಜನ ತಮ್ಮ ಕೋಳಿಗಳನ್ನು ಅಟ್ಟದಲ್ಲಿ, ಮಂಚದಡಿಯಲ್ಲಿ ಬಚ್ಚಿಟ್ಟರು.

"ಮೊದಲು ನಮ್ಮನೆಗೆ ಬರ್ರಿ ಸಾರ್," ಎಂದರು ಅತ್ತೆ. ಅದನ್ನು ಕಂಡು ಒಂದೊಂದೇ ಮನೆಯ ಬಾಗಿಲು ತೆರೆಯಿತು. ಈ ಅತ್ತೆಯ ಸೋದರಳಿಯ ನಾನೇ ಎಂದು ಆ ದಿನ ಬೀದಿಯಲ್ಲಿ ಕೂಗಬೇಕೆನಿಸಿತು!

ವೈದ್ಯರಲ್ಲಿ ಅವರು ಕೇಳಿದ್ದು ಒಂದೇ. "ನನಗೂ ನಿಮ್ಮಂಗೆ ಆ ಬಿಳಿ ಅಂಗಿ, ಗ್ಲೌಸು ಕೊಡ್ರಿ. ಹೊಸಬರು ಹಿಡಿದ್ರೆ ಹೆದರ್ತಾವೆ."

ಮುಖಗವಸಿನ ಮೇಲೆ ಅತ್ತೆಯ ಒದ್ದೆ ಕಣ್ಣುಗಳಷ್ಟೇ ಕಾಣುತ್ತಿದ್ದವು. ಒಂದೊಂದನ್ನೇ ತೋಳಿನಲ್ಲಿ ಅವುಚಿಕೊಂಡು, ಕುತ್ತಿಗೆ ಸವರುತ್ತ, ಏನೋ ಪಿಸುಗುಟ್ಟುತ್ತ ತಂದುಕೊಟ್ಟರು. ಒಂದು ಕೋಳಿಯೂ ರೆಕ್ಕೆ ಬಡಿಯಲಿಲ್ಲ.