ವಾಚ್‌ಮನ್ ಪೆಟ್ಟಿಗೆಯ ನಿದ್ದೆ

ಯಂತ್ರ ರಿಪೇರಿ ಮಾಡುವವರಿಗೆಲ್ಲ ಇದು ಗೊತ್ತು. ನಾವು ಎದುರು ನಿಂತರೆ ಯಂತ್ರ ಸರಿಯಾಗಿ ನಡೆಯುತ್ತದೆ, ಬೆನ್ನು ತಿರುಗಿಸಿದರೆ ಮುಷ್ಕರ ಹೂಡುತ್ತದೆ. ತೊಂಬತ್ತರ ದಶಕದ ಆರಂಭದಲ್ಲಿ ಮುಂಬಯಿಯಲ್ಲಿ ನನಗಿದು ವಾರಕ್ಕೊಮ್ಮೆಯಾದರೂ ಆಗುತ್ತಿತ್ತು. ಆಗ ನಗು ಬರುತ್ತಿರಲಿಲ್ಲ, ಈಗ ಬರುತ್ತದೆ.

೧. ಗುಟ್ಟಿನ ರೇಟು

ಬೈಕುಲ್ಲಾದ ಕಂಪ್ಯೂಟರ್ ಕಂಪನಿಯೊಂದರ ನೌಕರಿ ಬಿಟ್ಟು ಸ್ವಂತ ಸರ್ವಿಸ್ ಶುರು ಮಾಡಿದ್ದೆ. ಗಿರಾಕಿ ಒಬ್ಬರೇ, ಪರೇಲಿನಲ್ಲಿ ಗುಂಡಿ, ಜಿಪ್ಪು ಮಾರುವ ಶೇಟ್‌ಜಿ. ಮೇಲೆ ಆಫೀಸು, ಕೆಳಗೆ ಗೋದಾಮು, ಎರಡೂ ಕಡೆ ಕಂಪ್ಯೂಟರ್. ಗೋದಾಮಿನವರಿಗೆ ಸ್ಟಾಕ್ ಕಾಣಬೇಕು, ರೇಟು ಕಾಣಬಾರದು ಎನ್ನುವುದು ಶೇಟ್‌ಜಿಯವರ ಬೇಡಿಕೆ. ಇದಕ್ಕಾಗಿಯೇ ಮಾಡಿದ ವಿದೇಶಿ ಯಂತ್ರ ತರಿಸುವ ತಾಕತ್ತು ನಮ್ಮಿಬ್ಬರಿಗೂ ಇರಲಿಲ್ಲ. ನಾನೊಂದು ಹಳೆಯ ಪಿಸಿಗೆ ಎರಡು ನೆಟ್‌ವರ್ಕ್ ಕಾರ್ಡ್ ಹಾಕಿ, ಮೇಲಿನ ವೈರು ಒಂದಕ್ಕೆ, ಕೆಳಗಿನದು ಇನ್ನೊಂದಕ್ಕೆ ಸಿಕ್ಕಿಸಿ, ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ನೋಡುವ ಪ್ರೋಗ್ರಾಂ ಕೂರಿಸಿದೆ. ಆಫೀಸಿನವರು ಅದನ್ನು ವಾಚ್‌ಮನ್ ಎಂದು ಕರೆದರು.

ಕಾರ್ಡುಗಳನ್ನು ನಡೆಸುವ ಡ್ರೈವರ್ ಪ್ರೋಗ್ರಾಂ ಮಾತ್ರ ನೆಟ್ಟಗಿರಲಿಲ್ಲ. ದಿನಕ್ಕೊಮ್ಮೆ ಪೆಟ್ಟಿಗೆ ಮಂಕು ಬಡಿದು ನಿಲ್ಲುತ್ತಿತ್ತು. ಶೇಟ್‌ಜಿ ಖಡಾಖಂಡಿತವಾಗಿ ಹೇಳಿದರು: "ದಿವಾಲಿ ತಕ್ ದೇಖ್ತಾ ಹೂಂ. ಬಾದ್ ಮೇ ಡಬ್ಬಾ ಭೀ ಬಾಹರ್, ತುಮ್ ಭೀ ಬಾಹರ್."

ದೀಪಾವಳಿಯವರೆಗೆ ಗಡುವು, ಆಮೇಲೆ ಪೆಟ್ಟಿಗೆಯೂ ಹೊರಗೆ, ನಾನೂ ಹೊರಗೆ. ಇರುವ ಒಬ್ಬ ಗಿರಾಕಿಯೂ ಹೋದರೆ ಬೈಕುಲ್ಲಾದ ಹಳೆಯ ಬಾಸಿನ ಮುಂದೆ ಕೈಕಟ್ಟಿ ನಿಲ್ಲಬೇಕು. ಗೋದಾಮು ನೋಡಿಕೊಳ್ಳುತ್ತಿದ್ದ ಬಿಜಾಪುರ ಕಡೆಯ ಹಿರಿಯರೊಬ್ಬರು ನನ್ನ ಮುಖ ನೋಡಿ ಮರುಗಿದರು.

"ರೇಟ್ ಮುಚ್ಚಿಡಾಕ ಇಷ್ಟೆಲ್ಲಾ ಯಾಕ್ರೀ ಸಾಹೇಬ್ರ? ಶೇಟ್ ಫೋನಿನ್ಯಾಗ ಒದರೂದು ಗೋದಾಮಿಗೆಲ್ಲಾ ಕೇಳಸ್ತದ!"

೨. ಕಿಟಕಿ ಸೀಟು

"ರೋಗ ಏನು?" ಎಂದು ಶೇಟ್‌ಜಿ ಒಂದು ದಿನ ಕೇಳಿದರು. ಎರಡೂ ಕಾರ್ಡುಗಳು ಕಂಪ್ಯೂಟರನ್ನು ಕರೆಯಲು ಒಂದೇ ನಂಬರು ಹಿಡಿದು ಕೂತಿದ್ದವು. ಅದನ್ನು ಹೇಗೆ ಹೇಳುವುದು? "ಲೋಕಲ್ ಟ್ರೈನಿನಲ್ಲಿ ಒಂದೇ ಕಿಟಕಿ ಸೀಟಿಗೆ ಇಬ್ಬರು ಜಗಳವಾಡ್ತಾ ಇದಾರೆ ಅಂದ್ಕೊಳ್ಳಿ" ಎಂದೆ.

ಶೇಟ್‌ಜಿ ಗಂಭೀರವಾಗಿ ಯೋಚಿಸಿದರು.

"ಕಾರ್ಡುಗಳು ಎಲ್ಲಿಯವು?"

"ತೈವಾನ್."

"ಅದಕ್ಕೇ. ಮುಂಬಯಿಯವಾಗಿದ್ರೆ ಸರಿದು ಕೂತು ಇನ್ನೊಬ್ಬರಿಗೂ ಜಾಗ ಕೊಡ್ತಿದ್ವು."

೩. ಗ್ಯಾರಂಟಿ

ನಂಬರು ಬದಲಿಸಿದೆ. ಜಗಳ ನಿಂತಿತು, ನಿದ್ದೆ ನಿಲ್ಲಲಿಲ್ಲ. ಉಳಿದದ್ದು ಡ್ರೈವರ್ ಒಂದೇ. ಕಾರ್ಡು ಕೊಂಡ ಅಂಗಡಿಗೆ ಹೋದರೆ ಅಂಗಡಿಯವನು ಡ್ರಾಯರಿನಿಂದ ಡ್ರೈವರ್ ಫ್ಲಾಪಿಗಳನ್ನು ತೆಗೆದು ಇಸ್ಪೀಟ್ ಎಲೆಯ ಹಾಗೆ ಹರಡಿದ. ಹೊಸ ಡ್ರೈವರನ್ನು ಆಗಲೇ ಹಾಕಿ ನೋಡಿ ಸೋತಿದ್ದರಿಂದ ಎಲ್ಲಕ್ಕಿಂತ ಹಳೆಯದನ್ನು ಆರಿಸಿಕೊಂಡೆ.

"ಗ್ಯಾರಂಟಿ ಇದೆಯಾ?"

"ಪೂರಾ ಗ್ಯಾರಂಟಿ ಸಾಬ್," ಎಂದ ಅವನು. "ನೀವು ಈ ಮೆಟ್ಟಿಲು ಇಳಿಯೋವರೆಗೆ."

೪. ಎಚ್ಚರ

ಆ ಹಳೆಯ ಡ್ರೈವರು ಹಾಕಿದ ಮೇಲೆ ಪೆಟ್ಟಿಗೆ ಒಮ್ಮೆಯೂ ತೂಕಡಿಸಲಿಲ್ಲ. ದೀಪಾವಳಿ ಬಂತು, ಹೋಯಿತು. ದಹಿಸರ್‌ನಲ್ಲಿ ನಮ್ಮ ಬಿಲ್ಡಿಂಗಿನ ಕೆಳಗಿನ ಕಿರಾಣಿ ಅಂಗಡಿಗೆ ಪೆಟ್ಟಿಗೆ ಮಲಗಿದಾಗಲೆಲ್ಲ ನನಗಾಗಿ ಬರುತ್ತಿದ್ದ ಫೋನು ನಿಂತಿತು. ನನಗೆ ಹೆಮ್ಮೆಯೋ ಹೆಮ್ಮೆ. ಕೆಲಸ ಚೆನ್ನಾಗಿ ಮಾಡಿದವನನ್ನು ಲೋಕ ಎಷ್ಟು ಬೇಗ ಮರೆಯುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಶೇಟ್‌ಜಿ ಹೇಳಿಕಳಿಸಿದರು, ಹೋದೆ. "ತಿಂಗಳ ಸರ್ವಿಸ್ ಇನ್ನು ಸಾಕು. ನೀನು ಬರೋದೇ ಇಲ್ಲ."

"ಕೆಟ್ಟಿಲ್ಲವಲ್ಲ ಶೇಟ್‌ಜಿ, ಅದಕ್ಕೇ ಬಂದಿಲ್ಲ."

"ಕೆಡೋದಿಲ್ಲ ಅಂದಮೇಲೆ ನೀನು ಯಾಕೆ?"

ಕೆಟ್ಟಿದ್ದರೆ ಹೋಗುತ್ತಿದ್ದ ಕೆಲಸ ಕೆಡದೇ ಇದ್ದುದಕ್ಕೆ ಹೋಗುತ್ತಿತ್ತು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ನೌಕರಿ ಬಿಟ್ಟಾಗಲೂ ತುಟಿ ಬಿಚ್ಚದಿದ್ದವಳು ಈಗ ಬಾಯಿಬಿಟ್ಟಳು: "ಅಲ್ಲಾರೀ, ಅಷ್ಟೊಂದು ಚೆನ್ನಾಗಿ ಮಾಡಿ ಅಂತ ನಿಮಗೆ ಯಾರು ಹೇಳಿದ್ರು?"

ಎರಡು ದಿನಕ್ಕೆ ಕಿರಾಣಿ ಅಂಗಡಿಗೆ ಫೋನು ಬಂತು. ಗೋದಾಮಿನ ಹಿರಿಯರ ದನಿ. "ಸಾಹೇಬ್ರ, ವಾಚ್‌ಮನ್ ಮತ್ತ ಮಕ್ಕೊಂಡಾನ್ರೀ. ಲಗೂನ ಬರ್ರಿ."

ಓಡಿದೆ. ಗೋದಾಮಿನ ಸ್ಟಾಕು ಮೇಲೆ ಕಾಣದೆ ಶೇಟ್‌ಜಿ ಆಫೀಸು ಹಾರಿಹೋಗುವಂತೆ ಕೂಗಾಡುತ್ತಿದ್ದರು. ಪೆಟ್ಟಿಗೆ ನೋಡಿದೆ, ಡ್ರೈವರು ಸರಿ, ಕಾರ್ಡುಗಳೂ ಸರಿ. ಗೋದಾಮಿನ ವೈರು ಮಾತ್ರ ಪೆಟ್ಟಿಗೆಯ ಹಿಂದೆ ನೇತಾಡುತ್ತಿತ್ತು. ಅದು ತಾನಾಗಿ ಕಳಚುವಂಥದ್ದಲ್ಲ, ಕೈಯಿಂದ ತಿರುಗಿಸಿಯೇ ಬಿಚ್ಚಬೇಕು. ತಿರುಗಿ ಸಿಕ್ಕಿಸಿದೆ. ಸ್ಟಾಕು ಕಂಡಿತು. ಶೇಟ್‌ಜಿ ಹಣೆಯ ಬೆವರೊರೆಸಿಕೊಂಡು, ಸರ್ವಿಸ್ ಕಾಂಟ್ರ್ಯಾಕ್ಟನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸುವುದಾಗಿ ಅಲ್ಲೇ ಹೇಳಿದರು.

ಹಿರಿಯರು ನನ್ನನ್ನು ಬೀಳ್ಕೊಡಲು ಗೇಟಿನವರೆಗೆ ಬಂದರು. "ನಾನೇ ಬಿಚ್ಚೀನ್ರಿ" ಎಂದರು, ಒಂದಿಷ್ಟೂ ಅಳುಕಿಲ್ಲದೆ. "ಕಾಣದ ಮನಷ್ಯಾನ್ನ ಶೇಟ್ ಇಟ್ಕೊಳ್ಳೂದಿಲ್ಲ. ತಿಂಗಳಿಗೊಮ್ಮೆ ನೀವು ಕಣ್ಣಿಗೆ ಬೀಳಬೇಕ್ರಿ."

ಈ ಊರಿನಲ್ಲಿ ನನಗಾಗಿ ಯಾರೂ ಇಷ್ಟು ಮಾಡಿರಲಿಲ್ಲ. ಅವರ ಕೈ ಹಿಡಿದುಕೊಂಡೆ. ಅವರು ಕೊರಳ ತುಳಸಿಮಾಲೆ ಸರಿಮಾಡಿಕೊಳ್ಳುತ್ತ, ಬಲು ಜವಾಬ್ದಾರಿಯಿಂದ ಕೇಳಿದರು:

"ಮುಂದಿನ ತಿಂಗಳ ಯಾವತ್ತು ಬಿಚ್ಚಲ್ರೀ? ಏಕಾದಶಿ ಒಂದು ಬ್ಯಾಡ. ಅವತ್ತು ನಾ ಸುಳ್ಳು ಹೇಳೂದಿಲ್ಲ."