ಡವಡವ ನಿಲ್ಲುವವರೆಗೂ ಇಳಿಯಬೇಡಿ

ಡಾಕ್ಟರ ಶಾಪಿನಲ್ಲಿ ನಗಬಾರದು ಎಂದು ಎಲ್ಲೂ ಬರೆದಿಲ್ಲ. ಬರೆದಿದ್ದರೂ ನನ್ನ ಕೈಲಿ ಆಗುತ್ತಿರಲಿಲ್ಲ, ಏಕೆಂದರೆ ನಗುವಂಥದ್ದು ತಾನಾಗಿಯೇ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಿತ್ತು. ಅರವತ್ತರ ದಶಕದ ಮೊದಮೊದಲಲ್ಲಿ ನಾನು ಜಯನಗರದಲ್ಲಿ ಶಾಪು ತೆರೆದಾಗ ಫೋರ್ತ್ ಬ್ಲಾಕಿನ ಆಚೆಗೆ ರಾಗಿ ಹೊಲ. ಕೆಮ್ಮು ನೆಗಡಿಯವರು ಬರುತ್ತಿದ್ದರು, ಔಷಧಿ ತೆಗೆದುಕೊಂಡು ಹೋಗುತ್ತಿದ್ದರು. ಅವರಿಂದ ಏನೂ ತಮಾಷೆಯಿಲ್ಲ. ಹೆದರಿಕೆಗೆ ಔಷಧಿ ಕೇಳಿಕೊಂಡು ಬರುತ್ತಿದ್ದವರ ವಿಷಯವೇ ಬೇರೆ. ಅವರಲ್ಲಿ ನಮ್ಮ ರಸ್ತೆಯ ಗುಮಾಸ್ತರೊಬ್ಬರ ಕಥೆ ಹೇಳಿದರೆ ಸಾಕು.

ಏನೂ ಇಲ್ಲವಂತೆ

ಒಂದು ಬೆಳಿಗ್ಗೆ ಗುಮಾಸ್ತರನ್ನು ಜಟಕಾದಲ್ಲಿ ಮಲಗಿಸಿಕೊಂಡು ಬಂದರು. ಆಫೀಸಿಗೆ ಹೊರಟಿದ್ದರಂತೆ. ಬಸ್ಸು ಲಾಲ್‌ಬಾಗಿನ ಹತ್ತಿರ ಬರುವಷ್ಟರಲ್ಲಿ ಎದೆ ಡವಡವ, ಕೈಕಾಲು ತಣ್ಣಗೆ, ಉಸಿರೇ ಸಿಗಲೊಲ್ಲದು. ಅಲ್ಲೇ ಇಳಿದು ಫುಟ್‌ಪಾತಿನ ಮೇಲೆ ಕೂತುಬಿಟ್ಟಿದ್ದರು. ಸುದ್ದಿ ತಿಳಿದು ಹೆಂಡತಿ ಅಳುತ್ತಾ ಓಡಿಬಂದಿದ್ದರು.

ನಾನು ನಾಡಿ ನೋಡಿದೆ, ಎದೆ ನೋಡಿದೆ, ಬಿ.ಪಿ. ನೋಡಿದೆ. ಎಲ್ಲ ಸರಿಯಾಗಿತ್ತು.

"ನಿಮ್ಮ ಹಾರ್ಟು ಚೆನ್ನಾಗಿದೆ ಸ್ವಾಮಿ. ಏನೂ ಇಲ್ಲ," ಎಂದೆ.

ಗುಮಾಸ್ತರ ಮುಖ ಇಳಿದುಹೋಯಿತು. "ಏನೂ ಅಂದ್ರೆ ಏನೂ ಇಲ್ವಾ ಡಾಕ್ಟ್ರೇ? ಸ್ವಲ್ಪನೂ?"

"ಸ್ವಲ್ಪನೂ ಇಲ್ಲ."

ಅವರ ಹೆಂಡತಿ ಕಣ್ಣೊರೆಸಿಕೊಂಡು ಮುಂದೆ ಬಂದರು. "ಇನ್ನೊಂದ್ ಸಲ ನಿಧಾನವಾಗಿ ನೋಡಿ ಡಾಕ್ಟ್ರೇ. ಏನೂ ಇಲ್ಲ ಅಂದ್ಬಿಟ್ರೆ ಹೇಗೆ? ನಮ್ಮಣ್ಣಂಗೆ ಈಗಿಂದೀಗ್ಲೇ ಹೊರಟು ಬಾ ಅಂತ ಹೇಳಿ ಕಳಿಸಿಬಿಟ್ಟಿದ್ದೀನಿ!"

ತಾಯಿತದ ಸದ್ದು

ಕಾಯಿಲೆ ಇರಲಿಲ್ಲ ಎಂದಲ್ಲ. ಇತ್ತು. ಎದೆಯಲ್ಲಿರಲಿಲ್ಲ, ಅಷ್ಟೇ. ಅಂದಿನಿಂದ ಗುಮಾಸ್ತರು ಬಸ್ಸು ಹತ್ತುವುದನ್ನೇ ಬಿಟ್ಟರು. ಜಯನಗರದಿಂದ ಆಫೀಸಿಗೆ ನಡೆದೇ ಹೋಗುವುದು, ನಡೆದೇ ಬರುವುದು. ಮಿಕ್ಸ್ಚರ್ ಕೊಟ್ಟರೆ ಸೀಸೆ ಖಾಲಿಯಾಯಿತೇ ಹೊರತು ಹೆದರಿಕೆ ಖಾಲಿಯಾಗಲಿಲ್ಲ. "ಸೂಜಿ ಹಾಕದೆ ಹೇಗೆ ವಾಸಿಯಾಗುತ್ತೆ?" ಎಂದು ಅವರ ಹೆಂಡತಿ ನನ್ನ ಎದುರಿಗೇ ಕೇಳಿದರು.

ಅವರಿಗೆ ಅವಸರವಿತ್ತು. ಒಬ್ಬಳೇ ಮಗಳನ್ನು ಮಂಡ್ಯಕ್ಕೆ ಕೊಟ್ಟಿದ್ದರು. ಚೊಚ್ಚಲ ಬಸುರಿ. ಏಳು ತುಂಬಿದ ಮೇಲೆ ಹೋಗಿ ತವರಿಗೆ ಕರೆದುಕೊಂಡು ಬರಬೇಕು. ಸೋದರಮಾವನನ್ನು ಕಳಿಸುತ್ತೇವೆ ಎಂದರೆ ಅವಳು ಒಪ್ಪಲಿಲ್ಲ. "ಅಪ್ಪ ಬಂದ್ರೆ ಬರ್ತೀನಿ. ಇಲ್ದಿದ್ರೆ ಇಲ್ಲೇ ಹೆರ್ತೀನಿ," ಎಂದು ಹೇಳಿ ಕಳಿಸಿದ್ದಳು. ಮಗಳ ಹಟ ಅಪ್ಪನದೇ. ಗುಮಾಸ್ತರು ನನ್ನ ಮುಂದೆ ಕೂತು ಚಿಕ್ಕ ಹುಡುಗನ ಹಾಗೆ ಅತ್ತರು. "ಲಾಲ್‌ಬಾಗ್ ದಾಟೋಕಾಗ್ದೋನು ಮಂಡ್ಯಕ್ಕೆ ಹೇಗೆ ಹೋಗ್ಲಿ ಡಾಕ್ಟ್ರೇ?" ನನಗೂ ಸಂಕಟವಾಯಿತು.

ಇಷ್ಟರಲ್ಲಿ ರಸ್ತೆಯವರೆಲ್ಲ ವೈದ್ಯರಾದರು. ಒಬ್ಬರು ದೃಷ್ಟಿ ಎಂದರು, ಒಬ್ಬರು ಬಾವಿ ತಪ್ಪು ಮೂಲೆಯಲ್ಲಿದೆ ಎಂದರು. ಸಾರಕ್ಕಿಯಿಂದ ಹಾಲು ತರುತ್ತಿದ್ದವನು ಅಲ್ಲಿಯ ಒಂದು ತಾಯಿತ ತಂದುಕೊಟ್ಟ. ಕೋಣನಕುಂಟೆಯ ಕಡೆಯಿಂದ ಇನ್ನೊಂದು ಬಂತು. ಹೆಂಡತಿಯ ತವರಿನಿಂದ ಮತ್ತೊಂದು. ಮುಂದಿನ ಸಲ ನಾನು ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಬರೀ ಕಿಣಿಕಿಣಿ.

"ಇವನ್ನ ಸ್ವಲ್ಪ ಬಿಚ್ಚಿ, ಎದೆ ಕೇಳಿಸ್ತಾ ಇಲ್ಲ," ಎಂದೆ.

ಗುಮಾಸ್ತರು ಎರಡೂ ಕೈಯಿಂದ ತಾಯಿತ ಹಿಡಿದುಕೊಂಡರು. "ಬೇಡ ಡಾಕ್ಟ್ರೇ. ಬಿಚ್ಚಿದ್ರೆ ನಿಮಗೆ ಏನಾದ್ರೂ ಕೇಳಿಸಿಬಿಡುತ್ತೆ!"

ಛತ್ರಿ ಮತ್ತು ಪೇಪರು

ಕೊನೆಗೆ ಮನಸ್ಸಿನ ಕಾಯಿಲೆಗೆಂದೇ ಇದ್ದ ದೊಡ್ಡ ಆಸ್ಪತ್ರೆಗೆ ಹೋಗಿಬನ್ನಿ ಎಂದೆ. ಗುಮಾಸ್ತರು ಹೌಹಾರಿದರು. ಅಲ್ಲಿಗೆ ಹೋದವನು ಎಂದು ಒಂದು ಸಲ ಹೆಸರು ಬಂದರೆ ಬೀಗರ ಮುಂದೆ ತಲೆಯೆತ್ತುವ ಹಾಗಿಲ್ಲ. ಮಗಳ ಮುಖ ನೆನಪಿಸಿದ ಮೇಲೆ ಒಪ್ಪಿದರು. ಜೊತೆಗೆ ನಾನೂ ನಡೆದೆ. ಮೋಡದ ಸುಳಿವೇ ಇಲ್ಲದ ದಿನ ಇವರು ಛತ್ರಿ ಬಿಚ್ಚಿ, ಮೂಗಿನವರೆಗೂ ಇಳಿಸಿಕೊಂಡು, ದಾರಿ ಕಾಣದೆ ಒಂದು ಎಮ್ಮೆಗೆ ಡಿಕ್ಕಿ ಹೊಡೆದರು.

ಆಸ್ಪತ್ರೆಯ ಬೆಂಚಿನ ಮೇಲೆ ಆಗಲೇ ಒಬ್ಬರು ಮುಖದ ತುಂಬ ಪೇಪರು ಹಿಡಿದು ಕೂತಿದ್ದರು. ಹೆಸರು ಬರೆಸಿ ನಾವೂ ಪಕ್ಕದಲ್ಲಿ ಕೂತೆವು. ಫ್ಯಾನಿನ ಗಾಳಿಗೆ ಪೇಪರು ಮಡಿಚಿಕೊಂಡಿತು. ನೋಡಿದರೆ ಗುಮಾಸ್ತರ ಆಫೀಸಿನ ಸೂಪರಿಂಟೆಂಡೆಂಟರು!

ಇಬ್ಬರೂ ಒಟ್ಟಿಗೇ ಎದ್ದು ನಿಂತರು. "ನಮ್ಮ ನೆಂಟರೊಬ್ರನ್ನ ನೋಡೋಕೆ ಬಂದಿದ್ದೆ," ಎಂದರು ಸೂಪರಿಂಟೆಂಡೆಂಟರು. "ನಾನೂ ಅಷ್ಟೇ ಸಾರ್, ನಮ್ಮ ನೆಂಟರು," ಎಂದರು ಗುಮಾಸ್ತರು. ಅಷ್ಟರಲ್ಲಿ ಜವಾನ ಹೊರಗೆ ಬಂದು ಇಬ್ಬರ ಹೆಸರನ್ನೂ ಬೀದಿಗೆ ಕೇಳುವ ಹಾಗೆ ಕೂಗಿದ. ಇಬ್ಬರೂ ಅಲುಗಾಡಲಿಲ್ಲ.

ಸೂಪರಿಂಟೆಂಡೆಂಟರು ಪೇಪರು ಮತ್ತೆ ಬಿಡಿಸುತ್ತಾ ಮೆಲ್ಲಗೆ ಹೇಳಿದರು, "ನೀವು ನಮ್ಮ ನೆಂಟರ ವಿಷಯ ಆಫೀಸಲ್ಲಿ ಎತ್ಬೇಡಿ. ನಾನು ನಿಮ್ಮ ನೆಂಟರ ವಿಷಯ ಎತ್ತೋಲ್ಲ."

ಎಲ್ಲಿಗೂ ಇಲ್ಲ

ಒಳಗಿದ್ದ ದೊಡ್ಡ ಡಾಕ್ಟರು ನಗಲೂ ಇಲ್ಲ, ಗದರಲೂ ಇಲ್ಲ. "ಹೆದರಿಕೆ ಅಂದ್ರೆ ಮನೆ ಕಾಯೋ ನಾಯಿ ಇದ್ದ ಹಾಗೆ. ಕಳ್ಳ ಬಂದ್ರೆ ಬೊಗಳ್ಬೇಕು. ನಿಮ್ಮ ನಾಯಿ ಪೋಸ್ಟ್‌ಮ್ಯಾನ್ ಬಂದ್ರೂ ಬೊಗಳ್ತಾ ಇದೆ. ಅದು ಬೊಗಳಿದಾಗೆಲ್ಲ ನೀವು ಓಡಿದ್ರೆ ಅದು ಇನ್ನೂ ಜೋರು ಮಾಡುತ್ತೆ. ಓಡದೆ ಕೂತ್ಕೊಳ್ಳಿ. ತಾನಾಗೇ ಸುಮ್ನಾಗುತ್ತೆ," ಎಂದರು. ಕೆಲವು ದಿನಕ್ಕೆ ಮಾತ್ರೆ ಬರೆದರು. ಬಸ್ಸಿನ ಅಭ್ಯಾಸವನ್ನು ಸ್ವಲ್ಪಸ್ವಲ್ಪವಾಗಿ ಮಾಡಿಸುವ ಕೆಲಸ ನನಗೆ ಬಿತ್ತು.

ಮೊದಲು ನಿಂತ ಬಸ್ಸಿನಲ್ಲಿ ಕೂರುವುದು. ಬಸ್ಸು ಹೊರಡುವುದಕ್ಕೆ ಮುಂಚೆ ಹತ್ತಿ ಕೂತೆವು. ಗುಮಾಸ್ತರು ನನ್ನ ಕೈಯನ್ನು ಒದ್ದೆ ಬಟ್ಟೆ ಹಿಂಡುವ ಹಾಗೆ ಹಿಂಡುತ್ತಿದ್ದರು. ಕಂಡಕ್ಟರ್ ಬಂದ.

"ಎಲ್ಲಿಗೆ ಸಾರ್?"

"ಎಲ್ಲಿಗೂ ಇಲ್ಲಪ್ಪ, ಸುಮ್ನೆ ಕೂತಿದ್ದೀವಿ," ಎಂದೆ.

ದಿನವೂ ಇದೇ ಆಯಿತು. ಆಮೇಲೆ ಒಂದು ಸ್ಟಾಪು, ಆಮೇಲೆ ಲಾಲ್‌ಬಾಗಿನವರೆಗೆ. ಎದೆ ಹೊಡೆದುಕೊಂಡರೆ ಇಳಿಯುವ ಹಾಗಿಲ್ಲ, ಡವಡವ ನಿಂತ ಮೇಲೇ ಇಳಿಯಬೇಕು. ಅದು ನಾನು ಮಾಡಿದ ಕಾನೂನು. ಕಂಡಕ್ಟರನಿಗೂ ನಮ್ಮ ಮೇಲೆ ಮರುಕ ಹುಟ್ಟಿ ಕಿಟಕಿ ಪಕ್ಕದ ಸೀಟು ಹಿಡಿದಿಡುತ್ತಿದ್ದ. ಮಾರ್ಕೆಟ್ ಮುಟ್ಟಿದ ದಿನ ಗುಮಾಸ್ತರು ನನಗೆ ಮಸಾಲೆದೋಸೆ ಕೊಡಿಸಿದರು.

ಆ ಸಂಜೆ ಎದುರುಮನೆಯಾಕೆ ನನ್ನ ಹೆಂಡತಿಯ ಹತ್ತಿರ ಬಂದು ದನಿ ತಗ್ಗಿಸಿದರಂತೆ. "ಬೇಜಾರ್ ಮಾಡ್ಕೋಬೇಡಿ. ನಿಮ್ಮ ಯಜಮಾನ್ರಿಗೆ ಬಸ್ಸಂದ್ರೆ ಭಯವಂತಲ್ಲ? ಪಾಪ, ಆ ಗುಮಾಸ್ತರು ದಿನಾ ಕೈ ಹಿಡ್ಕೊಂಡು ಕೂರಿಸ್ತಾರೆ. ಕೋಣನಕುಂಟೇಲಿ ಒಳ್ಳೆ ತಾಯಿತ ಕಟ್ತಾರೆ ನೋಡಿ!"

ಮಂಡ್ಯ ಬಂತು

ಏಳು ತುಂಬಿತು. ಗುಮಾಸ್ತರು ಒಬ್ಬರೇ ರೈಲು ಹತ್ತಿದರು. ನಾನು ಕಿಟಕಿಯಲ್ಲಿ ಅದೇ ಮಾತು ಹೇಳಿದೆ, "ಏನೇ ಆಗ್ಲಿ, ಡವಡವ ನಿಲ್ಲೋವರೆಗೂ ಇಳೀಬೇಡಿ." ಅವರು ದೇವರ ಮುಂದೆ ತಲೆಯಾಡಿಸುವ ಹಾಗೆ ತಲೆಯಾಡಿಸಿದರು. ಆ ದಿನವೆಲ್ಲ ನನಗೆ ರೋಗಿಗಳ ಮೇಲೆ ಗಮನವೇ ಇರಲಿಲ್ಲ.

ಒಂದೆರಡು ದಿನ ಬಿಟ್ಟು ಅಪ್ಪ, ಮಗಳು ಇಬ್ಬರೂ ನನ್ನ ಶಾಪಿಗೆ ಬಂದರು. ನನಗೆ ಕುಣಿಯುವಷ್ಟು ಖುಷಿ. ಆದರೆ ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

"ದಾರೀಲಿ ಹೇಗಿತ್ತು?" ಎಂದೆ.

"ರಾಮನಗರದ ಹತ್ರ ಒಂದ್ಸಲ ಶುರುವಾಯ್ತು. ಕೂತೇ ಇದ್ದೆ, ಹೋಯ್ತು. ಆಮೇಲೆ ಏನೂ ಇಲ್ಲ," ಎಂದರು ಗುಮಾಸ್ತರು ಗಂಭೀರವಾಗಿ.

"ಪೂರ್ತಿ ಹೇಳಪ್ಪ," ಎಂದಳು ಮಗಳು. ಕೊನೆಗೆ ಅವಳೇ ಹೇಳಿದಳು.

ಮಂಡ್ಯದಲ್ಲಿ ರೈಲು ನಿಂತಿತು. ಮಗಳು ಅಳಿಯ ಪ್ಲಾಟ್‌ಫಾರಂ ಮೇಲೆ ಕಾಯುತ್ತಿದ್ದರು. ಹೊಟ್ಟೆ ಹೊತ್ತು ನಿಂತ ಮಗಳನ್ನು ಕಿಟಕಿಯಿಂದ ಕಂಡದ್ದೇ ತಡ, ಗುಮಾಸ್ತರ ಎದೆ ಡವಡವ ಎಂದಿತು. ಏಳಲು ಹೊರಟವರು ಮತ್ತೆ ಕೂತರು.

"ಮಾವ, ಮಂಡ್ಯ ಬಂತು, ಇಳೀರಿ!" ಎಂದು ಅಳಿಯ ಕಿಟಕಿಗೆ ಬಂದ.

"ಸ್ವಲ್ಪ ಇರಪ್ಪ," ಎಂದರು ಗುಮಾಸ್ತರು ಎದೆಯ ಮೇಲೆ ಕೈಯಿಟ್ಟುಕೊಂಡು. "ಈಗ ಇಳಿಯೋ ಹಾಗಿಲ್ಲ. ಡಾಕ್ಟ್ರು ಹೇಳಿದಾರೆ."

ಗಾರ್ಡು ಸೀಟಿ ಊದಿದ. ಅಳಿಯ ಕಿಟಕಿಯ ಸರಳು ಹಿಡಿದು ಓಡಿದ. ಗುಮಾಸ್ತರು ಕೂತಲ್ಲಿಂದಲೇ ಮಗಳಿಗೆ ಕೈಬೀಸುತ್ತಾ ಮೈಸೂರಿನ ಕಡೆಗೆ ಹೊರಟೇಹೋದರು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಬೆಂಚಿನ ಮೇಲೆ ಕಾದು, ಇನ್ನೊಂದು ರೈಲು ಹಿಡಿದು ಸಂಜೆಗೆ ಮಂಡ್ಯಕ್ಕೆ ವಾಪಸು ಬಂದರಂತೆ.

ನಗು ತಡೆಯಲಾರದೆ ನನ್ನ ಕಣ್ಣಲ್ಲಿ ನೀರು ಬಂತು. ಅದರಲ್ಲಿ ಸ್ವಲ್ಪ ನಗುವಿನದಲ್ಲ. "ಅದು ಹೆದರಿಕೆ ಅಲ್ಲ ಸ್ವಾಮಿ, ಮಗಳನ್ನ ನೋಡಿದ ಸಂತೋಷ!" ಎಂದೆ.

"ಇರಬಹುದು ಡಾಕ್ಟ್ರೇ," ಎಂದರು ಗುಮಾಸ್ತರು. "ಹೆದರಿಕೆಯಾದ್ರೆ ಕೂತಿರೋದು ಕಲಿಸಿದ್ರಿ. ಸಂತೋಷವಾದ್ರೆ ಏನ್ ಮಾಡ್ಬೇಕು ಅಂತ ನೀವು ಹೇಳೇ ಇರ್ಲಿಲ್ಲವಲ್ಲ!"