ಮನೆಗೆ ಬಂದ ಮಾಲ್ ಬಂದೂಕು

ಬೇರೆಯವರು ಆಫೀಸಿಗೆ ಹೋದರೆ ಕೆಲಸ ನಡೆಯುತ್ತದೆ, ನಾನು ಹೋದರೆ ಪ್ರಸಂಗ ನಡೆಯುತ್ತದೆ. ಮಾಲ್‌ಗಳಲ್ಲಿ ಪ್ಲಾಸ್ಟಿಕ್ ಬಂದೂಕು ಹಿಡಿದು ಪರದೆಯ ಕಳ್ಳರಿಗೆ ಗುಂಡು ಹೊಡೆಯುವ ಆಟ ನೋಡಿದ್ದೀರಲ್ಲ, ಅದನ್ನು ಮನೆಯ ಗೇಮ್ ಕನ್ಸೋಲ್‌ಗೆ ಒಗ್ಗಿಸುವ ಘನಕಾರ್ಯ ಠಾಣೆ ಊರಿನ ಹತ್ತಿರ ಮಹಾಪೆಯಲ್ಲಿರುವ ನಮ್ಮ ಪುಟ್ಟ ಕಂಪನಿಯದು. ಹಳೇ ಬಂದೂಕಿಗೆ ಡಬ್ಬಾ ಟಿವಿ ಮಾತ್ರ ಕಾಣುತ್ತಿತ್ತು, ಈಗಿನ ಚಪ್ಪಟೆ ಟಿವಿ ಮುಂದೆ ಅದು ಕುರುಡು. ಹಾಗಾಗಿ ಟಿವಿಯ ನೆತ್ತಿಗೆ ನಾವೊಂದು ಪಟ್ಟಿ ಅಂಟಿಸುತ್ತೇವೆ. ಪಟ್ಟಿಯ ಎರಡೂ ತುದಿಯಲ್ಲಿ ಕಣ್ಣಿಗೆ ಕಾಣದ ಬೆಳಕು. ಬಂದೂಕಿನ ಮೂತಿಯ ಕ್ಯಾಮೆರಾ ಅವೆರಡನ್ನು ನೋಡಿ ಗುರಿ ಲೆಕ್ಕ ಹಾಕುತ್ತದೆ. ಆಟದ ಹಕ್ಕು ಠಾಣೆಯ ಸೇಠ್ ಒಬ್ಬರದು. ಅವರು ಒಪ್ಪಿದರೆ ನಮಗೆ ಕೆಲಸ, ಇಲ್ಲದಿದ್ದರೆ ನಮ್ಮ ವಿಭಾಗಕ್ಕೆ ಬೀಗ.

ಇನ್ನೂ ಸ್ವಲ್ಪ ಹಿಂದೆ

ಮೊದಲ ಪರೀಕ್ಷೆ ಡೊಂಬಿವಲಿಯಲ್ಲಿ, ವಿಜಯಪುರದ ಗಂಡ ಹೆಂಡತಿ ಇರುವ ಒಂದೇ ಕೋಣೆಯ ಪುಟ್ಟ ಮನೆಯಲ್ಲಿ. ಎರಡೂ ಬೆಳಕು ಕಾಣಬೇಕಾದರೆ ಬಂದೂಕು ದೂರ ಇರಬೇಕು. ಮಾಲ್‌ನಲ್ಲಿ ಜಾಗಕ್ಕೇನು ಬರ. ನಾನು "ಇನ್ನೂ ಸ್ವಲ್ಪ ಹಿಂದೆ" ಎನ್ನುತ್ತಾ ಹೋದೆ. ಯಜಮಾನರು ಮಂಚ ಹತ್ತಿ ಇಳಿದು, ಅಡುಗೆಮನೆ ಬಾಗಿಲು ದಾಟಿ, ಗ್ಯಾಸ್ ಕಟ್ಟೆಗೆ ಬೆನ್ನು ಕೊಟ್ಟು ನಿಂತರು. ಅಲ್ಲಿಂದ ಗುರಿ ಪಕ್ಕಾ.

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಕೈ ನಿಲ್ಲಿಸಿ ಕೇಳಿದರು, "ಆಟದ ಕೂಡ ಒಂದು ಖೋಲಿನೂ ಕೊಡ್ತೀರೇನ್ರಿ?"

"ಇಲ್ಲ ಅಕ್ಕಾರ."

"ಹಂಗಾದ್ರ ಇವರನ್ನರೆ ಒಯ್ರಿ."

ಗುಂಡು ತುಂಬುವ ಕ್ರಮ

ಹಾಲ್ ದೊಡ್ಡದಿರಲಿ ಎಂದು ಮುಂದಿನ ಪರೀಕ್ಷೆಗೆ ಖಾರಘರದಲ್ಲಿ ಉಡುಪಿ ಕಡೆಯ ಹೋಟೆಲ್ ಮಾಲೀಕರ ಮನೆ ಹುಡುಕಿದೆ. ಈ ಆಟದಲ್ಲಿ ಗುಂಡು ಮುಗಿದರೆ ಪರದೆಯ ಹೊರಗೆ ಒಮ್ಮೆ ಹೊಡೆಯಬೇಕು, ಆಗ ಹೊಸ ಗುಂಡು ತುಂಬುತ್ತದೆ. ಮಾಲ್‌ನಲ್ಲಿ ಪರದೆಯ ಹೊರಗೆ ಬರೀ ಕತ್ತಲೆ. ಇಲ್ಲಿ ಎಡಕ್ಕೆ ದೇವರು, ಬಲಕ್ಕೆ ಮಾಲೆ ಹಾಕಿದ ಅಜ್ಜಿಯ ಫೋಟೋ.

ಮಾಲೀಕರು ಬಲಕ್ಕೆ ಹೊಡೆದದ್ದೇ ತಡ, ಅವರ ವಯಸ್ಸಾದ ತಾಯಿ ಎದ್ದು ನಿಂತರು. "ಅದು ನನ್ನ ಅತ್ತೆ. ಇದ್ದಾಗ ಅವರೆದುರು ಯಾರೂ ಬಾಯಿ ತೆರೆದದ್ದಿಲ್ಲ, ನೀನು ಗುಂಡು ಹೊಡೀತೀಯಾ?"

ಇದು ಬರೀ ಪ್ಲಾಸ್ಟಿಕ್ ಎಂದು ತೋರಿಸಲು ಬಂದೂಕನ್ನು ಅವರ ಕೈಗೇ ಕೊಟ್ಟೆ. ಆಮೇಲೆ ಅವರು ಕಳ್ಳರ ಗೊಡವೆಗೇ ಹೋಗಲಿಲ್ಲ. ಗುಂಡು ತುಂಬಿಯೇ ಇತ್ತು, ಆದರೂ ಬಲಕ್ಕೇ ಹೊಡೆಯುತ್ತಿದ್ದರು. ಮಗ "ಸಾಕಮ್ಮ" ಎಂದಾಗ, "ಇರು ಮಾರಾಯ, ಇನ್ನೊಮ್ಮೆ" ಎಂದರು.

ಆಯುಧ ಪೂಜೆ

ಸೇಠ್ ಆಟ ನೋಡಲು ಆಫೀಸಿಗೆ ಬರುತ್ತೇನೆಂದದ್ದು ಸರಿಯಾಗಿ ಆಯುಧ ಪೂಜೆಯ ದಿನ. ನಮ್ಮ ಬಾಸ್ ಕುಂದಾಪುರದ ಕಡೆಯವರು, ಮಹಾ ಭಕ್ತರು. ಪ್ರತಿ ವರ್ಷ ಕೀಬೋರ್ಡಿಗೆ ಪೂಜೆ ಮಾಡಿ ಬೇಸತ್ತಿದ್ದರೋ ಏನೋ, ಕಡೆಗೂ ಆಯುಧದಂತೆ ಕಾಣುವ ಆಯುಧ ಸಿಕ್ಕಿತೆಂದು ಬಂದೂಕಿಗೆ ಹೂವು ಮುಡಿಸಿದರು. ಟಿವಿಯ ಪಟ್ಟಿಗೆ ಉದ್ದಕ್ಕೂ ಗಂಧ ಕುಂಕುಮ ಮೆತ್ತಿದರು. ಟಿವಿಯ ಕೆಳಗೆ, ನೆಲದ ಮೇಲೆ ಎರಡು ದೀಪ ಹಚ್ಚಿದರು.

ಸೇಠ್ ಬಂದೂಕೆತ್ತಿದರು. ಗುರಿ ಕಳ್ಳನ ಎದೆಗೆ, ಗುಂಡು ಬಿದ್ದದ್ದು ಮೇಲೆ ಹಾರುವ ಕಾಗೆಗೆ. ಪಟ್ಟಿಯ ಬೆಳಕು ಕುಂಕುಮದಡಿ ಮುಚ್ಚಿಹೋಗಿ, ಬಂದೂಕು ನೆಲದ ದೀಪಗಳನ್ನೇ ಪಟ್ಟಿ ಎಂದುಕೊಂಡಿತ್ತು; ದೀಪದ ಉರಿಯಲ್ಲೂ ಅದೇ ಕಣ್ಣಿಗೆ ಕಾಣದ ಬೆಳಕು ಇರುತ್ತದೆ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಕಣ್ಣೆದುರೇ ಬೀಗ ತೂಗಾಡುತ್ತಿತ್ತು.

"ಸರ್, ದೀಪ ಆರಿಸಿ ಪಟ್ಟಿ ಒರೆಸೋಣ" ಎಂದು ಬಾಸ್ ಕಿವಿಯಲ್ಲಿ ಹೇಳಿದೆ.

"ಮಂಡೆ ಸಮ ಉಂಟಾ ನಿನಗೆ? ಪೂಜೆ ದಿನ ದೀಪ ಆರಿಸುದಾ? ಕುಂಕುಮ ಒರೆಸುದಾ?"

ಬೇರೆ ದಾರಿಯಿರಲಿಲ್ಲ. ಟಿವಿಯ ಎರಡೂ ಪಕ್ಕ ಎತ್ತರದ ಸ್ಟೂಲ್ ಇಟ್ಟು, ಉರಿಯುವ ದೀಪಗಳನ್ನು ಅವುಗಳ ಮೇಲೆ, ಪಟ್ಟಿಯ ಮಟ್ಟಕ್ಕೆ ಏರಿಸಿದೆ. ಸೇಠ್ ಮತ್ತೆ ಹೊಡೆದರು. ಕಳ್ಳ ಬಿದ್ದ. ಇನ್ನೊಬ್ಬ ಬಿದ್ದ. ನಾವು ತಿಂಗಳುಗಟ್ಟಲೆ ಕೂತು ಮಾಡಿದ ಪಟ್ಟಿಯಿಂದ ಗುರಿ ಇಷ್ಟು ಚೆನ್ನಾಗಿ ಎಂದೂ ಕೂತಿರಲಿಲ್ಲ.

ಸೇಠ್ ಹಣೆಗೆ ಕುಂಕುಮ ಹಚ್ಚಿಕೊಂಡು, "ಪಾಸ್. ಲೇಕಿನ್ ಪಟ್ಟಿ ನಿಕಾಲೊ, ಬಾಕ್ಸ್ ಮೇ ದಿಯಾ ಡಾಲೊ" ಎಂದರು. ಆಟದ ಪೆಟ್ಟಿಗೆಯಿಂದ ಪಟ್ಟಿ ತೆಗೆದು ದೀಪವನ್ನೇ ಹಾಕಬೇಕಂತೆ. ಬಾಸ್ ಕಣ್ಣು ಮುಚ್ಚಿ ದೇವಿಗೆ ಕೈ ಮುಗಿದರು. ವಿಭಾಗ ಉಳಿಯಿತು, ನನ್ನ ಕೆಲಸವೂ ಉಳಿಯಿತು. ಆ ಕೆಲಸ ಸದ್ಯಕ್ಕೆ ಪೆಟ್ಟಿಗೆಯ ಮೇಲೆ ಅಚ್ಚಾಗುವ ಸಾಲು ಬರೆಯುವುದು: "ಬ್ಯಾಟರಿ, ಎಣ್ಣೆ, ಬತ್ತಿ ಗ್ರಾಹಕರೇ ಕೊಳ್ಳತಕ್ಕದ್ದು."